ಬೆನ್ನೊಲೆಯ ಅಕ್ಕ

ಒಪ್ಪದ ಪದ ಎದುರಾದರೆ ಅಕ್ಕನ ಹತ್ತೂ ಬೆರಳು, ಬಿಸಿ ಹಂಚು ತಗಲಿದ ಹಾಗೆ, ಕೀಬೋರ್ಡಿನಿಂದ ಮೇಲೆದ್ದು ಗಾಳಿಯಲ್ಲೇ ನಿಂತುಬಿಡುತ್ತಿದ್ದವು. ಊರವರೆಲ್ಲ ಅಕ್ಕ ಎಂದೇ ಕರೆಯುತ್ತಿದ್ದ ಅವರದು ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಡಿಟಿಪಿ ಅಂಗಡಿ. ಮದುವೆ ಪತ್ರಿಕೆ, ಪಹಣಿ ಅರ್ಜಿ, ಕರಪತ್ರಗಳ ನಡುವೆ ನನ್ನ ಮೊದಲ ಕಾದಂಬರಿಯನ್ನೂ ಟೈಪ್ ಮಾಡಿದವರು ಅವರೇ.

ಜಡೆ ಎಂಬ ಊರಿನಲ್ಲಿ ಮೇಷ್ಟ್ರಾಗಿದ್ದ ನನಗೆ ಆಗ ಹೊಸತನದ ಹುಚ್ಚು. ಯಾವ ನಿಘಂಟಿನಲ್ಲೂ ಇಲ್ಲದ ಪದಗಳನ್ನು ಹುಟ್ಟಿಸಿ ಪುಟಪುಟಕ್ಕೂ ಚೆಲ್ಲಿದ್ದೆ. ಅರ್ಥವಾಗದಿದ್ದರೆ ಅದು ಓದುಗರ ಹಣೆಬರಹ ಎನ್ನುವ ಜಂಬ ಬೇರೆ. ಅಕ್ಕ ಬಿಡಬೇಕಲ್ಲ!

“ಮೇಷ್ಟ್ರೇ, ಈ ಮಾತು ಯಾರು ಆಡ್ತಾರೆ, ಯಾರ ಎದುರಿಗೆ ಆಡ್ತಾರೆ? ಅದು ಹೇಳ್ರಿ, ಆಮೇಲೆ ಟೈಪ್ ಹೊಡಿತೀನಿ.”

ನಾನು ತಡವರಿಸಿದರೆ ಆ ಜಾಗ ಖಾಲಿ ಬಿಟ್ಟು ಮುಂದೆ ಹೋಗುವರು. ಮೊದಲ ಪ್ರೂಫು ಹಲ್ಲುದುರಿದ ಬಾಯಿಯಂತಿತ್ತು. ಸಿಟ್ಟು ಬಂತು, ನಿಜ. ಆದರೆ ಪ್ರೂಫು ಮನೆಗೊಯ್ದು ಆ ಖಾಲಿ ಜಾಗಗಳನ್ನು ಆಡುಮಾತಿನಿಂದಲೇ ತುಂಬಿಸಿ ತಂದೆ.

‘ಬೆನ್ನೊಲೆ’ ಬಂದಾಗಲೂ ಬೆರಳು ನಿಂತವು. ತಾಯಿಯೊಡನೆ ಜಗಳವಾಡಿ ಮನೆ ಬಿಟ್ಟ ಮಗಳು ಆಡುವ ಮಾತದು. ಹಿಂದೆ ಯಾರೋ ಇದ್ದಾರೆಂಬ ಧೈರ್ಯ ಎಂದು ವಿವರಿಸಿದೆ.

“ಅಷ್ಟೇ ಅಲ್ಲ ಬಿಡ್ರಿ” ಎಂದರು. “ನಾನೂ ನಮ್ಮವ್ವನ ಮೇಲೆ ಮುನಿಸ್ಕೊಂಡು ಒಲೆಗೆ ಬೆನ್ನು ಹಾಕಿ ಕೂರ್ತಿದ್ದೆ. ಮುಖ ತಿರುಗಿಸಿದ್ರೂ ಬೆನ್ನು ಬೆಚ್ಚಗಾಗ್ತಿತ್ತು. ಅವ್ವ ಇನ್ನೊಂದು ಕಟ್ಟಿಗೆ ಇಡೋಳು. ನಿಮ್ಮ ಹುಡುಗಿಗೂ ಹಂಗೇ ಆಗಿರ್ಬೇಕು.”

ಮರುದಿನವೇ ಕೊನೆಯ ಅಧ್ಯಾಯ ಹರಿದು ಹಾಕಿ ಹೊಸದಾಗಿ ಬರೆದೆ. ಜನ ಇವತ್ತಿಗೂ ನೆನೆಯುವುದು ಆ ಅಧ್ಯಾಯವನ್ನೇ.

ಪುಸ್ತಕ ಹೊರಬಂದ ಮೇಲೆ ಸೊರಬದಲ್ಲಿ ನನಗೆ ಸನ್ಮಾನವಾಯಿತು. ‘ಬೆನ್ನೊಲೆ’ಯ ಒಳಾರ್ಥವೇನೆಂದು ಯಾರೋ ಕೇಳಿದರು. ಒಲೆ, ಮುನಿಸು, ಕಟ್ಟಿಗೆ ಎಲ್ಲವನ್ನೂ ನನ್ನದೇ ಬಾಲ್ಯವೆಂಬಂತೆ ಹೇಳಿಬಿಟ್ಟೆ. ಚಪ್ಪಾಳೆ ಬಿತ್ತು. ಎರಡನೇ ಸಾಲಿನಲ್ಲಿ ಕೂತಿದ್ದ ಅಕ್ಕನೂ ತಟ್ಟಿದರು. ಅದನ್ನು ಕಂಡು ನಾಚಿಕೆಯಿಂದ ಭೂಮಿಗಿಳಿದುಹೋದೆ. ಆಮೇಲೆ ಅವರ ಅಂಗಡಿಯ ಕಡೆ ತಲೆ ಹಾಕಲಿಲ್ಲ.

ಅವರು ಮಾತ್ರ ಬಿಡಲಿಲ್ಲ. ನನ್ನ ಕಥೆ ಎಲ್ಲಿ ಅಚ್ಚಾದರೂ ಮೊಬೈಲಿಗೆ ಒಂದು ಸಂದೇಶ ಬರುತ್ತಿತ್ತು: “ಮೇಷ್ಟ್ರೇ, ಎರಡನೇ ಪುಟದ ಆ ಮಾತು ಯಾರು ಆಡ್ತಾರೆ?” ಒಂದಕ್ಕೂ ಉತ್ತರ ಬರೆಯಲಿಲ್ಲ. ಆದರೆ ಪುಸ್ತಕ ಮಾಡುವಾಗ ಅವರು ಬೆರಳಿಟ್ಟ ಒಂದೊಂದು ಪದವನ್ನೂ ತಿದ್ದಿದೆ.

ಹೋದ ತಿಂಗಳು ಅಕ್ಕ ತೀರಿಕೊಂಡರು. ಕಾದಂಬರಿಯ ಹೊಸ ಮುದ್ರಣಕ್ಕೆ ಈ ಮಾತು ಸೇರಿಸುತ್ತಿದ್ದೇನೆ: ಆ ಒಲೆ ನನ್ನದಲ್ಲ, ಆ ಅವ್ವ ನನ್ನವಳಲ್ಲ, ಎರಡೂ ಅಕ್ಕನವು. ಬೆನ್ನು ಹಾಕಿ ಕೂತವನು ಮಾತ್ರ ನಾನು.