ಕುಂಕುಮದಡಿಯ ಪಲ್ಟನ್

ಅಫಜಲಪುರದಿಂದ ಸೊನ್ನದ ಕಡೆಗೆ ಹೋಗುವ ರಸ್ತೆಯ ಬದಿಗೆ ಒಂದು ಮನೆ. ಆ ಮನೆಯ ಪಡಸಾಲೆಯಲ್ಲಿ ಅವತ್ತು ನಾವು ನಾಲ್ಕು ಜನ ಕೂತಿದ್ದೆವು. ಮನೆಯ ಯಜಮಾನರು, ಫೌಜಿನಿಂದ ನಿವೃತ್ತರಾಗಿ ಬಂದ ಹವಾಲ್ದಾರರು. ಅವರೆದುರು ಜಮಖಾನದ ಮೇಲೆ ನನ್ನ ಸೋದರತ್ತೆ, ಎಂಬತ್ತು ದಾಟಿದವಳು. ಅವಳ ಮಗ್ಗುಲಿಗೆ ಅವಳ ತಮ್ಮ, ಅಂದರೆ ನನ್ನ ಚಿಕ್ಕಪ್ಪ. ಕಾರು ಓಡಿಸಿಕೊಂಡು ಬಂದವನು ನಾನು. ಅತ್ತೆಯ ಮಡಿಲಲ್ಲಿ ಹಳೆ ಸೀರೆಯ ತುಂಡಿನಲ್ಲಿ ಸುತ್ತಿ, ನೂಲಿನ ಹಗ್ಗ ಬಿಗಿದ ಒಂದು ಕಟ್ಟು. ಐದನೆಯವನು ಅದರೊಳಗಿದ್ದ: ನಮ್ಮ ಮುತ್ಯಾ, ಅತ್ತೆಯ ಅಪ್ಪ, ಬಂದೂಕು ಹಿಡಿದು ನಿಂತ ಫೋಟೋದಲ್ಲಿ.

ಮುತ್ಯಾ ದೊಡ್ಡ ಲಡಾಯಿಯ, ಅಂದರೆ ಎರಡನೇ ಮಹಾಯುದ್ಧದ ಕಾಲಕ್ಕೆ ಸೊಲ್ಲಾಪುರಕ್ಕೆ ಹೋಗಿ ಭರ್ತಿಯಾದವನು. ಬರ್ಮಾ ಕಂಡು ಬಂದು, ಕಿಣ್ಣಿ ಸುಲ್ತಾನದ ಆಚೆಗಿರುವ ನಮ್ಮೂರಿನಲ್ಲಿ ಒಕ್ಕಲುತನ ಮಾಡಿಕೊಂಡಿದ್ದು, ನಾನು ಹುಟ್ಟುವ ಮೊದಲೇ ತೀರಿಕೊಂಡ. ಲಡಾಯಿ ಹ್ಯಾಂಗಿತ್ತು ಅಂತ ಯಾರು ಕೇಳಿದರೂ "ಮಳಿ ಭಾಳ ಇತ್ತು" ಅಂತಿದ್ದನಂತೆ. ಅಷ್ಟೇ ಅವನ ಲಡಾಯಿಯ ಕಥೆ.

ಈಗ ನಮ್ಮೂರಿನ ಹುಡುಗರು ಹೊಸ ಸಮುದಾಯ ಭವನದ ಗೋಡೆಗೆ ಊರಿನ ಸಿಪಾಯಿಗಳೆಲ್ಲರ ಫೋಟೋ ಹಾಕಬೇಕು, ಕೆಳಗೆ ಹೆಸರು ಮತ್ತು ಪಲ್ಟನ್ ಬರೆಸಬೇಕು ಅಂತ ಎದ್ದರು. ಮುತ್ಯಾನ ಪಲ್ಟನ್ ಯಾವುದೋ ಯಾರಿಗೂ ತಿಳಿಯದು. ಚಿಕ್ಕಪ್ಪ ತನಗೆ ಚಂದ ಕಂಡ ಒಂದು ಹೆಸರು ಕೊಟ್ಟುಬಿಟ್ಟ. ಸುದ್ದಿ ಫೋನಿನಲ್ಲಿ ಯಡ್ರಾಮಿಗೆ, ಅತ್ತೆಯ ಮನೆಗೆ ಮುಟ್ಟಿತು. ಮರುದಿನವೇ ಅವಳು ಬಸ್ಸು ಹಿಡಿದು ಆಳಂದಕ್ಕೆ, ನನ್ನ ಮನೆಗೆ ಬಂದಳು. ನೀರು ಕುಡಿಯುವ ಮೊದಲೇ ಶುರು ಮಾಡಿದಳು.

"ಅಳಿಯಾ, ಸುಳ್ಳು ಬರಸಿ ಗ್ವಾಡಿಗಿ ಹಾಕೋದಕ್ಕಿಂತ ನಮ್ಮಪ್ಪ ನನ್ನ ಪೆಟ್ಟಿಗ್ಯಾಗೇ ಇರಲಿ. ಮಾಡದ್ದು ಮಾಡೇನಿ ಅಂತ ಒಂದ್ ದಿನಾ ಅಂದಾವಲ್ಲ ಅಂವ."

ಹಾಗಂತ ಪಲ್ಟನ್ ಇಲ್ಲದೆ ಸುಮ್ಮನೆ ಹಾಕಿಸಲೂ ಅವಳಿಗೆ ಮನಸ್ಸಿಲ್ಲ. ಎಲ್ಲರ ಕೆಳಗೆ ಒಂದೊಂದು ಸಾಲು ಇದ್ದು, ತನ್ನ ಅಪ್ಪನ ಕೆಳಗೆ ಮಾತ್ರ ಖಾಲಿ ಜಾಗವೇ? ಅದಕ್ಕೇ ಈ ಹವಾಲ್ದಾರರನ್ನು ಹುಡುಕಿಕೊಂಡು ಬಂದದ್ದು.

ಟೊಪ್ಪಿಗೆಯ ಬಿಲ್ಲೆ ನೋಡಿದರೆ ಪಲ್ಟನ್ ತಿಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಮ್ಮ ಫೋಟೋದ ಫಜೀತಿ ಇರುವುದೇ ಅಲ್ಲಿ. ಖಂಡೇನವಮಿಗೆ ಮಂದಿ ಕತ್ತಿ, ಕುಡಗೋಲು ಇಟ್ಟು ಪೂಜೆ ಮಾಡುತ್ತಾರೆ. ನಮ್ಮ ಮನೆಯಲ್ಲಿ ಬಂದೂಕು ಇರಲಿಲ್ಲ, ಆದರೆ ಫೋಟೋದಲ್ಲಿ ಇತ್ತಲ್ಲ! ಅಜ್ಜಿಗೆ ಅಷ್ಟು ಸಾಕಾಯಿತು. ವರ್ಷವರ್ಷವೂ ಫೋಟೋದ ಬಂದೂಕಿಗೆ ಕುಂಕುಮ ಹಚ್ಚಿದಳು. ಬಂದೂಕಿಗಷ್ಟೇ ಹಚ್ಚಿದರೆ ಹಿಡಿದವನಿಗೆ ಬೇಸರವಾದೀತೆಂದು ಟೊಪ್ಪಿಗೆಗೂ ಒಂದು ಬೊಟ್ಟು, ಹೆಗಲಿಗೂ ಒಂದು. ಮುತ್ಯಾ ಎದುರಿಗೇ ಬೀಡಿ ಸೇದುತ್ತ ಕೂತು ತನ್ನ ಪೂಜೆ ತಾನೇ ನೋಡಿ ನಗುತ್ತಿದ್ದನಂತೆ. ಅಜ್ಜಿಯ ನಂತರ ಅತ್ತೆ ಅದನ್ನು ನಡೆಸಿಕೊಂಡು ಬಂದಳು. ಯಾವಾಗಲೋ ಗಾಜು ಒಡೆಯಿತು, ಆದರೂ ಕುಂಕುಮ ಹಚ್ಚುವುದು ನಿಲ್ಲಲಿಲ್ಲ. ಈಗ ಬಿಲ್ಲೆಯೂ ಇಲ್ಲ, ಹೆಗಲ ಮೇಲಿನ ಅಕ್ಷರವೂ ಇಲ್ಲ, ಕೆಂಪು ಹೆಕ್ಕಳಿಕೆ ಅಷ್ಟೇ. ಕೆರೆದರೆ ಫೋಟೋವೇ ಎದ್ದು ಬರುತ್ತದೆ.

ಅತ್ತೆ ಹಗ್ಗ ಬಿಚ್ಚಿ ಫೋಟೋ ಮುಂದಿಟ್ಟಳು. ಚಿಕ್ಕಪ್ಪನಿಗೆ ತಡೆಯಲಾಗಲಿಲ್ಲ.

"ಹುಲಿ ಅದ ನೋಡ್ರಿ ಟೊಪಗಿ ಮ್ಯಾಲ. ಇದು ಬಾಯಿ, ಇದು ಬಾಲ."

"ಬಾಲಲ್ಲೋ ತಮ್ಮಾ, ಅದು ಹೋದ್ ವರ್ಷ ನಾ ಹಚ್ಚಿದ ಕುಂಕುಮ" ಅಂದಳು ಅತ್ತೆ.

ಹವಾಲ್ದಾರರು ನಕ್ಕರು. ಅವರು ಟೊಪ್ಪಿಗೆಯನ್ನು ನೋಡುತ್ತಲೇ ಇರಲಿಲ್ಲ. ಕಾಲು ನೋಡುತ್ತಿದ್ದರು. ಆಗಿನ ಸಿಪಾಯಿಗಳು ಬೂಟಿನ ಮೇಲಿಂದ ಮೊಣಕಾಲಿನವರೆಗೆ ಬಟ್ಟೆಯ ಪಟ್ಟಿ ಸುತ್ತುತ್ತಿದ್ದರಲ್ಲ, ಅದನ್ನು.

"ಕಾಲಾಳು ಮಂದಿ ಪಟ್ಟಿ ಕೆಳಗಿಂದ ಮ್ಯಾಲ ಸುತ್ತತಿದ್ರು. ಕಡೀ ಗಂಟು ಮೊಣಕಾಲ ಹತ್ರ ಬರ್ತಿತ್ತು. ಇವರದು ಮ್ಯಾಲಿಂದ ಕೆಳಗ ಸುತ್ಯದ, ಗಂಟು ಬೂಟಿನ ಹತ್ರ ಅದ. ಇವರು ಪ್ರಾಣಿ ಜೋಡಿ ಇದ್ದಾವರ್ರಿ."

"ಅಂದ್ರ ಕುದುರಿ!" ಚಿಕ್ಕಪ್ಪ ಎದ್ದೇ ನಿಂತ. "ಕುದುರಿ ಪಲ್ಟನ್ ಅಂತ ಬರಸೂಣು!"

"ಕುದುರಿನೂ ಇರಬಹುದು, ತೋಪು ಎಳಿಯೋರೂ ಇರಬಹುದು. ಇಷ್ಟರ ಮ್ಯಾಲ ನಾ ಹೇಳಂಗಿಲ್ರಿ. ಹೇಳಿದ್ರ ಸುಳ್ಳಾದೀತು."

ಬೇರೆ ಯಾರಾದರೂ ಇದ್ದಿದ್ದರೆ ಕುದುರೆಗೆ ಒಪ್ಪಿಕೊಂಡುಬಿಡುತ್ತಿದ್ದರು, ನಾನಂತೂ ಒಪ್ಪುತ್ತಿದ್ದೆ. ಅತ್ತೆಯ ಮುಖ ಸಣ್ಣದಾಯಿತು, ಆದರೂ ತಲೆಯಾಡಿಸಿದಳು. "ಖರೇ ಹೇಳಿದ್ರಿ, ನಿಮಗ ಪುಣ್ಯ ಬರಲಿ" ಅಂದು ಫೋಟೋ ಸುತ್ತಿ ಹಗ್ಗ ಬಿಗಿದಳು.

"ತಡೀರಿ ಅವ್ವಾ." ಹವಾಲ್ದಾರರ ದನಿ ಬದಲಾಗಿತ್ತು. "ಆ ಹಗ್ಗ ಬಿಚ್ಚರಿ ನೋಡೂಣು."

ಅತ್ತೆ ಒಂದು ತುದಿ ಜಗ್ಗಿದಳು. ನಾಲ್ಕೂ ಕಡೆ ಬಿಗಿದಿದ್ದ ಹಗ್ಗ ಒಮ್ಮೆಗೇ ಸಡಿಲಾಗಿ ಮಡಿಲಿಗೆ ಬಿತ್ತು.

ಹವಾಲ್ದಾರರು ಒಳಗೆ ಹೋಗಿ ಒಂದು ತಲೆದಿಂಬು, ಒಂದು ಹಗ್ಗ ತಂದರು. ದಿಂಬಿಗೆ ಅಡ್ಡ ಸುತ್ತಿದರು, ಉದ್ದ ಸುತ್ತಿದರು, ಒಂದು ಕುಣಿಕೆ ಹಾಕಿ ಬಿಗಿದರು. ಅತ್ತೆಯ ಕೈ ಮಾಡಿದ್ದನ್ನೇ ಅವರ ಕೈಯೂ ಮಾಡಿತು. ತುದಿ ಜಗ್ಗಿದರೆ ಇದೂ ಹಾಗೇ ಕಳಚಿ ಬಿತ್ತು.

"ಯಾರ್ ಕಲ್ಸಿದ್ರಿ ನಿಮಗ?"

"ಮತ್ಯಾರ್ರಿ, ನಮ್ಮಪ್ಪ. ಎತ್ತಿನ ಮ್ಯಾಲ ಏನ್ ಹೇರಿದ್ರೂ ಹಿಂಗೇ ಕಟ್ಟಬೇಕು ಅಂತಿದ್ದ. ಬ್ಯಾರೆ ಗಂಟ್ ಹಾಕಿದ್ರ, ಮೂಕ ಪ್ರಾಣಿ ಕಾಲು ಜಾರಿ ಬಿದ್ರ ನೀ ಗಂಟ್ ಬಿಚ್ಚಕೋತ ಕುಂದರ್ತೀ ಏನಬೇ, ಅಂತ ಬೈತಿದ್ದ."

ಹವಾಲ್ದಾರರು ಫೋಟೋ ಎತ್ತಿ ಕಣ್ಣಿಗೆ ಒತ್ತಿಕೊಂಡರು. "ನಮ್ಮ ಉಸ್ತಾದ ನಮಗೂ ಹಿಂಗೇ ಬೈದಾರ್ರಿ. ನಾ ನೌಕರಿ ಮಾಡಿದ್ದು ಖಚ್ಚರ್ ಕಂಪನ್ಯಾಗ. ಖಚ್ಚರದ ಮ್ಯಾಲ ಹೇರಿ ಗುಡ್ಡದ ಮ್ಯಾಲಿನ ಫೌಜಿಗಿ ರೇಶನ್ ಮುಟ್ಟಿಸೋದು ನಮ್ಮ ಕೆಲಸ. ಗುಡ್ಡದ ದಾರ್ಯಾಗ ಖಚ್ಚರ ಬಿದ್ರ ಒಂದೇ ಜಗ್ಗಿಗೆ ಹೇರು ಕಳಚಬೇಕು, ಇಲ್ಲಂದ್ರ ಅದು ಹೇರಿನ ಜೋಡಿ ಉಳ್ಳಿ ಹೋಗ್ತದ. ಕಂಪನಿ ನಂಬರ್ ನನಗ ಗೊತ್ತಿಲ್ಲ. ಆದ್ರ ನಿಮ್ಮಪ್ಪಾರು ನಮ್ಮ ಖಚ್ಚರ ಮಂದಿ. ಇದು ಬರಸ್ರಿ, ಯಾರರೆ ಕೇಳಿದ್ರ ಹೇಳ್ಲಾಕ ನಾ ಅದೇನಿ."

ಚಿಕ್ಕಪ್ಪನ ಹುಲಿ, ಕುದುರೆ ಎರಡೂ ಓಡಿಹೋಗಿ ಹೇಸರಗತ್ತೆ ಬಂದು ನಿಂತಿತ್ತು. "ಖಚ್ಚರ ಅಂತ ಬರಸಿದ್ರ ಮಂದಿ ನಗ್ತಾರಲ್ಲಕ್ಕಾ" ಅಂತ ಮೆಲ್ಲಗೆ ಅಂದ.

"ನಗಲಿ ಬಿಡಲೇ. ಮಳ್ಯಾಗ ಗುಡ್ಡದ ಮ್ಯಾಲ ಕುಂತ ಮಂದಿಗಿ ಅನ್ನಾ ಮುಟ್ಟಿಸ್ಯಾನ ನಮ್ಮಪ್ಪ. ನಿನ್ ಹುಲಿ ಹೊತ್ತದೇನು ಅನ್ನಾ?"

ಹೇಳಿ ನಕ್ಕಳು. ನಕ್ಕು ನಕ್ಕು ಕೆಮ್ಮು ಬಂತು, ಕಣ್ಣಲ್ಲಿ ನೀರೂ ಬಂತು. ಅಪ್ಪ ಕಲಿಸಿದ ಗಂಟನ್ನು ದನದ ಮೇವಿನ ಹೊರೆಗೆ, ಹಾಸಿಗೆಗೆ, ಹೆಣ್ಣುಮಕ್ಕಳನ್ನು ಗಂಡನ ಮನೆಗೆ ಕಳಿಸುವಾಗಿನ ಸಾಮಾನಿಗೆ, ಎಲ್ಲದಕ್ಕೂ ಹಾಕುತ್ತ ಅವಳು ಒಂದು ಜನ್ಮ ಕಳೆದಿದ್ದಳು. ನಾವೆಲ್ಲ ಫೋಟೋದಲ್ಲಿ ಹುಡುಕುತ್ತಿದ್ದೆವು.

ಆಗಸ್ಟ್‌ನಲ್ಲಿ ಝಂಡಾ ಏರಿಸಿದ ದಿನ ಮುತ್ಯಾ ಭವನದ ಗೋಡೆ ಏರಿದ. ಕುಂಕುಮ ಹಾಗೇ ಇತ್ತು, ಮೇಲೆ ಹೊಸ ಗಾಜು. ಕೆಳಗೆ ಹೆಸರು, ಅದರ ಕೆಳಗೆ "ಖಚ್ಚರ ಪಲ್ಟನ್, ಬರ್ಮಾ." ಯಾರೂ ನಗಲಿಲ್ಲ.

ಆ ವರ್ಷ ಖಂಡೇನವಮಿಗೆ ನಾನು ಯಡ್ರಾಮಿಗೆ ಹೋಗಿದ್ದೆ. ಅತ್ತೆ ಮಣೆಯ ಮೇಲೆ ಆ ನೂಲಿನ ಹಗ್ಗ ಸುತ್ತಿಟ್ಟು, ಅದಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದಳು.