ನಕಲಿನಲ್ಲಿ ಬಿಟ್ಟ ನಾಲ್ಕನೇ ಕಾಲಂ

ರತ್ನಮ್ಮ ಮೇಡಂ, ಆ ಪಟ್ಟಿ ಬರೆದುಕೊಟ್ಟವಳು ನಾನು. ಹೆಡ್‌ಮೇಷ್ಟ್ರಲ್ಲ. ನಿಮ್ಮನ್ನು ಒಂದನೇ ತರಗತಿಯಿಂದ ಎಬ್ಬಿಸಿ ತೊಂಡೇಬಾವಿ ಕಡೆಯ ಶಾಲೆಗೆ ಕಳಿಸಿದ ಆ ಒಂದು ಹಾಳೆ ನನ್ನ ಕೈಬರಹದ್ದು — ಕೆಂಪು ಶಾಯಿಯಲ್ಲಿ ಗೆರೆ ಎಳೆದು, ನೀಲಿ ಶಾಯಿಯಲ್ಲಿ ತುಂಬಿದ್ದು. ಅದರಲ್ಲಿದ್ದ ಒಂದೊಂದು ಅಂಕಿಯೂ ನಿಜ. ಮೋಸ ಇದ್ದದ್ದು ನಾನು ಬರೆಯದೆ ಬಿಟ್ಟದ್ದರಲ್ಲಿ.

ಆರು ವರ್ಷವಾಯಿತು. ನಿಮಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಬರೆಯುತ್ತೇನೆ. ಕ್ರಮವಾಗಿ ಬರೆಯುವುದೊಂದೇ ನನಗೆ ಬರುವ ವಿದ್ಯೆ; ನಾನು ಕೆಟ್ಟದ್ದು ಮಾಡಿದ್ದೂ ಅದರಿಂದಲೇ.

2002ರ ಜೂನ್. ನನಗೆ ಇಪ್ಪತ್ತೆರಡು ವರ್ಷ, ಮೊದಲ ನೇಮಕ. ಗೌರಿಬಿದನೂರಿನ ಮನೆಯಿಂದ ನಗರಗೆರೆಯವರೆಗೆ ಬಸ್ಸು, ಅಲ್ಲಿಂದ ಶಾಲೆಗೆ ನಡಿಗೆ. ಎರಡು ಕೋಣೆ, ಮೂವರು ಶಿಕ್ಷಕರು — ಹೆಡ್‌ಮೇಷ್ಟ್ರು, ನೀವು, ನಾನು. ಒಂದು ಮತ್ತು ಎರಡನೇ ತರಗತಿಯನ್ನು ಒಟ್ಟಿಗೆ ಕೂರಿಸಿಕೊಂಡು ನೀವು ಪಾಠ ಮಾಡುತ್ತಿದ್ದಿರಿ. ಮಧ್ಯಾಹ್ನದವರೆಗೆ ನಿಮ್ಮ ಜೊತೆ ಕೂತು ನೋಡಿ ಕಲಿಯಬೇಕೆಂದು ಹೆಡ್‌ಮೇಷ್ಟ್ರು ನನಗೆ ಹೇಳಿದ್ದರು.

ನಿಮ್ಮ ಪಾಠ ಪುಸ್ತಕದಿಂದ ಶುರುವಾಗುತ್ತಿರಲಿಲ್ಲ. ಗೋಣಿತಾಟು ಹಾಸಿ, ಮಕ್ಕಳನ್ನು ಸುತ್ತ ಕೂರಿಸಿ, ಇವತ್ತು ಕಾಗೆಗೆ ಮದುವೆ ಎನ್ನುತ್ತಿದ್ದಿರಿ. ಮದುವೆಗೆ ಯಾರು ಏನು ತರುತ್ತೀರಿ? ಒಂದೊಂದು ಮಗು ಒಂದೊಂದು ಹೇಳಬೇಕು. ಹೇಳಿದ್ದನ್ನು ನೀವು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬಿಡಿಸಿ, ಪಕ್ಕದಲ್ಲಿ ಅದರ ಮೊದಲ ಅಕ್ಷರ ಬರೆಯುತ್ತಿದ್ದಿರಿ. ಮಗು ಆ ಅಕ್ಷರದ ಮೇಲೆ ಹುಣಸೆಬೀಜ ಜೋಡಿಸಿದರೆ ಉಡುಗೊರೆ ಕೊಟ್ಟ ಹಾಗೆ. ಮನೆಯಲ್ಲಿ ಬರೀ ತೆಲುಗು ಕೇಳಿ ಬೆಳೆದ ಮಕ್ಕಳು. ಯಾವ ಭಾಷೆಯಲ್ಲಿ ಹೇಳಿದರೂ ನಿಮ್ಮ ಕಾಗೆ ತೆಗೆದುಕೊಳ್ಳುತ್ತಿತ್ತು.

ನಾನು ಡೈರಿಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆ. ಎಡಕ್ಕೆ ತಾರೀಖು, ಬಲತುದಿಗೆ ಒಂದೇ ಕಾಲಂ: ‘ಇಂದು ಬಾಯಿಬಿಟ್ಟವರು’. ಕಥೆಯ ಹೊತ್ತಿನಲ್ಲಿ ಯಾವ ಮಗು ಮಾತಾಡಿತು, ಎಷ್ಟು ಸಲ. ನಂಬಿ ಮೇಡಂ, ಅದನ್ನು ಶುರುಮಾಡಿದ್ದು ನಿಮ್ಮ ಮೇಲಿನ ಅಕ್ಕರೆಯಿಂದಲೇ.

ಆಮೇಲೆ ಜುಲೈ. ನನ್ನದೂ ಒಂದು ಕಥೆ ಇರಲೆಂದು ರಟ್ಟಿನ ತುಂಡುಗಳ ಮೇಲೆ ಗುಬ್ಬಿಯ ಚಿತ್ರ ಬರೆದು ಏಳು ಮಿಂಚುಪಟ್ಟಿ ಮಾಡಿಕೊಂಡು ಬಂದೆ. ಒಂದೊಂದಕ್ಕೂ ನಾಲ್ಕು ನಿಮಿಷ ಎಂದು ಹಿಂಬದಿಯಲ್ಲಿ ಬರೆದಿದ್ದೆ. ಮೂರನೇ ಪಟ್ಟಿಗೆ ಮಕ್ಕಳು ಕಿಟಕಿ ಕಡೆ ತಿರುಗಿದ್ದರು. ನಾನು ಕೈಗಡಿಯಾರ ನೋಡಿಕೊಂಡೆ. ನೀವು ಹಿಂದಿನಿಂದ ಹೇಳಿದಿರಿ:

“ನಮ್ಮ ಹೊಸ ಮೇಡಂ ಗುಬ್ಬಿ ವಾಚು ಕಟ್ಕೊಂಡು ಬಂದೈತೆ ಕಣ್ರಪ್ಪಾ.”

ಮಕ್ಕಳೆಲ್ಲ ನಕ್ಕರು. ನೀವೂ ನಕ್ಕಿರಿ. ನಾನೂ ನಕ್ಕೆ — ನಕ್ಕ ಹಾಗೆ ಮಾಡಿದೆ. ನಿಮಗೆ ಅದು ಮರುಗಳಿಗೆಗೆ ಮರೆತಿರಬೇಕು. ಅಂದು ಸಂಜೆ ನಾನು ಡೈರಿಯಲ್ಲಿ ಮಧ್ಯದ ಜಾಗಕ್ಕೆ ಸಣ್ಣದಾಗಿ ಮೂರು ಹೊಸ ಕಾಲಂ ಎಳೆದೆ. ಕಥೆಗೆ ಹೋದ ನಿಮಿಷ. ಪುಸ್ತಕದಲ್ಲಿ ಮುಗಿದ ಪುಟ. ಕನ್ನಡವಲ್ಲದ ಮಾತು. ನಮ್ಮ ಮನೆಯಲ್ಲಿ ಅಜ್ಜಿ ಆಡುವುದೂ ತೆಲುಗೇ, ಮೇಡಂ. ಆದರೂ ಆ ಮೂರನೆಯದನ್ನು ಎಳೆದೆ. ಯಾಕೆ ಎಂದು ಆಗ ಕೇಳಿಕೊಳ್ಳಲಿಲ್ಲ. ಕೇಳಿಕೊಂಡಿದ್ದರೆ —

ಆಗಸ್ಟ್ ಹನ್ನೆರಡು, ಸೋಮವಾರ. ಆದಿಲಕ್ಷ್ಮಿ ನೆನಪಿದ್ದಾಳಲ್ಲ? ಕಂಬಕ್ಕೆ ಒರಗಿ ಕೂರುತ್ತಿದ್ದ, ಶಾಲೆ ಶುರುವಾದಾಗಿನಿಂದ ಒಂದು ಮಾತೂ ಆಡದ ಹುಡುಗಿ. ಹಾಜರಿ ಕರೆದರೂ ಕೈ ಎತ್ತುವಳೇ ಹೊರತು ದನಿ ಇಲ್ಲ. ಅಂದು ಕಾಗೆಯ ಮದುವೆಯಲ್ಲಿ ಅವಳ ಸರದಿ ಬಂದಾಗ ನೀವು ಎಂದಿನಂತೆ ಕಾದಿರಿ. ಎಂದಿನಂತೆ ಮುಂದಿನ ಮಗುವಿನತ್ತ ತಿರುಗುವಷ್ಟರಲ್ಲಿ ಅವಳು ನೆಲ ನೋಡುತ್ತಲೇ ಹೇಳಿದಳು, “ಶೆನಿಕ್ಕಾಯಲು.” ಅವರ ಮನೆಯ ಮಾತಿನಲ್ಲಿ ಕಡಲೆಕಾಯಿ.

“ನೋಡ್ರೋ, ಆದಿಲಕ್ಷ್ಮಮ್ಮ ಮದ್ವೆಗೆ ಶೆನಿಕ್ಕಾಯಲು ತಂದವ್ಳೆ. ಇನ್ನು ಊಟಕ್ಕೇನೂ ಕಮ್ಮಿಯಿಲ್ಲ,” ಎಂದು ನೀವು ಇಡೀ ಗೋಣಿತಾಟಿನ ಉದ್ದಕ್ಕೂ ಒಂದು ದೊಡ್ಡ ಕಡಲೆಕಾಯಿಯ ಚಿತ್ರ ಬರೆದಿರಿ.

ಆ ಒಂದು ಮಾತಿಗೆ ನಾನು ಎರಡು ಕಡೆ ಗೆರೆ ಹಾಕಿದೆ. ಮೂರನೇ ಕಾಲಂನಲ್ಲಿ, ಕನ್ನಡವಲ್ಲದ ಮಾತು, ಒಂದು. ನಾಲ್ಕನೆಯದರಲ್ಲಿ, ಬಾಯಿಬಿಟ್ಟವರು, ಆದಿಲಕ್ಷ್ಮಿ, ಒಂದು.

ಸೆಪ್ಟೆಂಬರ್ ಮೊದಲ ವಾರ ತಪಾಸಣೆಗೆ ಸಾಹೇಬರು ಬಂದರು. ಮಕ್ಕಳಿಗೆ ಪುಸ್ತಕ ಕೊಟ್ಟು ಓದಿಸಿದರು. ಮಕ್ಕಳು ಅವರು ತೆಗೆದ ಪುಟದವರೆಗೆ ಬಂದಿರಲಿಲ್ಲ. ನಿಮ್ಮ ಪಾಠ ಟಿಪ್ಪಣಿ ಕೇಳಿದರು, ನೀವು ಬರೆದಿರಲಿಲ್ಲ. ಹೊರಡುವಾಗ ಮೇಜಿನ ಮೇಲಿದ್ದ ನನ್ನ ಡೈರಿ ತಿರುವಿ, ಬಹಳ ಅಚ್ಚುಕಟ್ಟಾಗಿದೆ ಎಂದರು. ನೀವು ಮಕ್ಕಳಿಗೆ ನೀರು ಕುಡಿಸಲು ಹೊರಗೆ ಹೋಗಿದ್ದಿರಿ. ಇದರದೊಂದು ಶುದ್ಧ ಪ್ರತಿ ಮಾಡಿಕೊಡಮ್ಮ ಎಂದು ಮೆಲ್ಲಗೆ ಹೇಳಿದರು. ಯಾತಕ್ಕೆಂದು ನಾನು ಕೇಳಲಿಲ್ಲ. ಕೇಳುವ ಅಗತ್ಯ ಇರಲಿಲ್ಲ — ನನಗೆ ಗೊತ್ತಿತ್ತು.

ಅಂದು ಸಂಜೆ ಮನೆಯ ಜಗಲಿಯಲ್ಲಿ ಕೂತು ನಕಲು ಮಾಡಿದೆ. ತಾರೀಖು, ನಿಮಿಷ, ಪುಟ, ಕನ್ನಡವಲ್ಲದ ಮಾತು. ಮೂರು ಕಾಲಂ ತುಂಬುವಷ್ಟರಲ್ಲಿ ಹಾಳೆಯ ಅಂಚು ಬಂತು. ನಾಲ್ಕನೆಯದಕ್ಕೆ ಜಾಗವಿಲ್ಲ ಎಂದುಕೊಂಡೆ. ಹಾಳೆಯನ್ನು ಅಡ್ಡಲಾಗಿ ತಿರುಗಿಸಿದ್ದರೆ ಜಾಗವಾಗುತ್ತಿತ್ತು. ಅದು ನನಗೆ ಹೊಳೆಯಲಿಲ್ಲ ಎಂದು ಎಷ್ಟೋ ದಿನ ಹೇಳಿಕೊಂಡಿದ್ದೇನೆ. ಹೊಳೆದಿತ್ತು ಮೇಡಂ. ಹಾಳೆಯನ್ನು ಒಮ್ಮೆ ತಿರುಗಿಸಿಯೂ ನೋಡಿದ್ದೆ. ಮತ್ತೆ ನೇರ ಮಾಡಿಕೊಂಡೆ.

ಹೀಗೆ ಆದಿಲಕ್ಷ್ಮಿಯ ಆ ಮಾತು ಸಾಹೇಬರ ಕೈಗೆ ಹೋದದ್ದು ನಿಮ್ಮ ತಪ್ಪಿನ ಲೆಕ್ಕದಲ್ಲಿ. ಅದು ಅವಳ ಮೊದಲ ಮಾತು ಎಂದು ಆ ಹಾಳೆಯಲ್ಲಿ ಎಲ್ಲೂ ಇರಲಿಲ್ಲ.

ಸೆಪ್ಟೆಂಬರ್ ಹದಿನಾರಕ್ಕೆ ನಿಮ್ಮ ವರ್ಗಾವಣೆಯ ಆದೇಶ ಬಂತು. ಶಾಲೆಯವರೇ ಯಾರೋ ಬರೆದುಕೊಟ್ಟಿದ್ದಾರಂತೆ ಎಂಬ ಸುದ್ದಿಯೂ ಅದರ ಹಿಂದೆಯೇ ಬಂತು. ಹುಣಸೆಬೀಜದ ಡಬ್ಬಿಯನ್ನು ನನ್ನ ಕೈಗೆ ಕೊಡುತ್ತಾ ನೀವು ಕೇಳಿದಿರಿ:

“ಯಾರು ಬರ್ಕೊಟ್ಟಿದ್ದು ಅಂತ ನಿನಗೇನಾದ್ರೂ ಗೊತ್ತೇನೇ ಗಾಯತ್ರಿ?”

“ಗೊತ್ತಿಲ್ಲ ಮೇಡಂ.”

ನೀವು ಪಕ್ಕದ ಕೋಣೆಯ ಕಡೆ ನೋಡಿದಿರಿ. ಹೆಡ್‌ಮೇಷ್ಟ್ರು ಮೂರನೇ ತರಗತಿಗೆ ಮಗ್ಗಿ ಹೇಳಿಸುತ್ತಿದ್ದರು. “ಹನ್ನೊಂದು ವರ್ಷ ಒಂದೇ ಕಡೆ ಕೂತು ಬುತ್ತಿ ಬಿಚ್ಚಿದ್ದೀವಿ ಕಣೇ,” ಎಂದಿರಿ. ಅಷ್ಟೇ. ಆಗ ನಾನು ಬಾಯಿಬಿಡಬೇಕಿತ್ತು. ಡಬ್ಬಿಯ ಮುಚ್ಚಳ ಸರಿಯಾಗಿದೆಯೋ ಎಂದು ನೋಡುತ್ತಾ ನಿಂತೆ.

ನೀವು ಹೋದ ಮೇಲೆ ತರಗತಿ ನನ್ನದಾಯಿತು. ಗೋಣಿತಾಟು ಹಾಸಿದೆ, ಕಾಗೆಗೆ ಮದುವೆ ಮಾಡಿದೆ. ನಿಮ್ಮ ಕಾಲದಲ್ಲಿ ಆದಿಲಕ್ಷ್ಮಿಯ ಹೆಸರಿನ ಮುಂದೆ ಏಳು ಗೆರೆ ಬಿದ್ದಿದ್ದವು. ದಸರಾ ರಜೆಯವರೆಗೆ ನನ್ನ ಕಾಲದಲ್ಲಿ ಒಂದೂ ಇಲ್ಲ. ರಜೆ ಮುಗಿದ ಮೇಲೆ ಅವಳು ಬರಲಿಲ್ಲ. ಮನೆಗೆ ಹೋಗಿ ಕೇಳಿದೆ. ಅವಳ ತಾಯಿ ಕಡಲೆಕಾಯಿ ಬಿಡಿಸುತ್ತಾ, ತಲೆ ಎತ್ತದೆ ತೆಲುಗಿನಲ್ಲಿ ಹೇಳಿದಳು — “ಆ ಮೇಡಂ ಲೇರಂಟ ಗದಮ್ಮಾ, ಪೋನಂಟುಂದಿ.” ಆ ಮೇಡಂ ಇಲ್ಲವಂತಲ್ಲ, ಹೋಗುವುದಿಲ್ಲ ಅನ್ನುತ್ತಾಳೆ. ಆದಿಲಕ್ಷ್ಮಿ ಬಾಗಿಲ ಹಿಂದೆಯೇ ಇದ್ದಳು. ಇನ್ನೆರಡು ಸಲ ಹೋದೆ. ಮೂರನೇ ಸಲಕ್ಕೆ ಅವರು ಬೇರೆ ಊರಿಗೆ ಕೂಲಿಗೆ ಹೋಗಿದ್ದರು. ಈಗ ಅವಳಿಗೆ ಹನ್ನೆರಡು ಇರಬೇಕು. ಎಲ್ಲಿದ್ದಾಳೋ ಗೊತ್ತಿಲ್ಲ.

ಇಷ್ಟು ದಿನ ಇಲ್ಲದ್ದು ಈಗ ಯಾಕೆ ಎಂದು ನೀವು ಕೇಳಬಹುದು. ಹೋದ ತಿಂಗಳು ಚಿಕ್ಕಬಳ್ಳಾಪುರದಲ್ಲಿ ಶಿಕ್ಷಕರ ತರಬೇತಿ ಇತ್ತು. ಕಥೆ, ಆಟಗಳಿಂದ ಕಲಿಸುವುದು ಹೇಗೆಂದು ತೋರಿಸಲು ನನ್ನನ್ನು ಕರೆದಿದ್ದರು. ನಾನು ಕಾಗೆಯ ಮದುವೆ ಮಾಡಿ ತೋರಿಸಿದೆ. ಎಲ್ಲಿ ಕಲಿತಿರಿ ಎಂದು ಒಬ್ಬರು ಕೇಳಿದರು. ಮಕ್ಕಳಿಂದಲೇ ಎಂದೆ. ಚಪ್ಪಾಳೆ ತಟ್ಟಿದರು.

ಹಿಂದಿನ ಸಾಲಿನಲ್ಲಿ ನಮ್ಮ ಹೆಡ್‌ಮೇಷ್ಟ್ರಿದ್ದರು. ತಲೆ ಪೂರ್ತಿ ಬೆಳ್ಳಗಾಗಿದೆ. ಊಟದ ಹೊತ್ತಿಗೆ ಹತ್ತಿರ ಬಂದು, “ಇದು ರತ್ನಮ್ಮನೋರ ಕಾಗೆ ಅಲ್ವೇನಮ್ಮ?” ಎಂದರು. ಬೇರೇನನ್ನೂ ಕೆದಕಲಿಲ್ಲ. ಪಕ್ಕದಲ್ಲೇ ಕೂತು, “ನನ್ನ ಮಗಳ ಮದುವೆಗೂ ಬರ್ಲಿಲ್ಲ ಆಯಮ್ಮ. ಪತ್ರಿಕೆ ಹಿಡ್ಕೊಂಡು ಮನೆಗೇ ಹೋಗಿದ್ದೆ, ಬಾಗಿಲು ತೆಗೀಲಿಲ್ಲ. ನಾನೇನು ಮಾಡ್ದೆ ಅಂತ ಇವತ್ತಿಗೂ ಗೊತ್ತಾಗ್ಲಿಲ್ಲ ನೋಡು,” ಎಂದರು. ನನ್ನ ಕೈಯಲ್ಲಿ ತಟ್ಟೆ ಇತ್ತು. ಎರಡು ಸಲ ನೀರು ಕುಡಿದೆ.

ಕ್ಷಮಿಸಿ ಎಂದು ಬರೆಯಲು ಮೂರು ದಿನ ಪ್ರಯತ್ನಿಸಿದೆ. ಬರೆದಾಗೆಲ್ಲ ನಿಮ್ಮಿಂದ ಏನೋ ಕೇಳಿ ಪಡೆಯುವ ಹಾಗೆ ಕಂಡಿತು. ಅಳಿಸಿದೆ.

ಇದೇ ಕಾಗದದ ಇನ್ನೊಂದು ಪ್ರತಿಯನ್ನು ಇಂದು ಹೆಡ್‌ಮೇಷ್ಟ್ರಿಗೆ ಅಂಚೆಗೆ ಹಾಕಿದ್ದೇನೆ. ನಿಮ್ಮದರ ಜೊತೆ ಆ ವರ್ಷದ ಡೈರಿಯನ್ನೂ ಕಳಿಸುತ್ತಿದ್ದೇನೆ, ಅದರೊಳಗೆ ಮಡಚಿಟ್ಟ ಒಂದು ಹಾಳೆ ಇದೆ. ಈ ಸಲ ಅಡ್ಡಲಾಗಿ ತಿರುಗಿಸಿ, ನಾಲ್ಕೂ ಕಾಲಂ ನಕಲು ಮಾಡಿದ್ದೇನೆ. ಕೆಳಗೆ ನನ್ನ ಸಹಿ ಇದೆ. ಅದನ್ನು ಯಾರಿಗೆ ತೋರಿಸಿದರೂ ಸರಿ. ಭಾನುವಾರ ಬೆಳಗಿನ ರೈಲಿಗೆ ತೊಂಡೇಬಾವಿಗೆ ಬರುತ್ತೇನೆ. ನೀವು ಬಾಗಿಲು ತೆಗೆಯಲೇಬೇಕೆಂದಿಲ್ಲ. ಹುಣಸೆಬೀಜದ ಡಬ್ಬಿಯನ್ನು ಜಗಲಿಯ ಮೇಲಿಟ್ಟು ಹೊರಡುತ್ತೇನೆ.

ಆದಿಲಕ್ಷ್ಮಿಯ ಹೆಸರಿನ ಮುಂದೆ, ಸೆಪ್ಟೆಂಬರ್ ಹದಿನಾರರವರೆಗೆ ಏಳು ಗೆರೆಗಳಿವೆ. ಅಲ್ಲಿಂದ ಮುಂದಿನ ಜಾಗ ನನ್ನದು. ಅದನ್ನು ಇದ್ದ ಹಾಗೆಯೇ, ಖಾಲಿ ಬಿಟ್ಟು ನಕಲು ಮಾಡಿದ್ದೇನೆ.