ಗೌರಕ್ಕನ ಕೀಬೋರ್ಡಿಗೆ ಸದ್ದು ಬಂದ ದಿನ

ಮೂರು ವರ್ಷದ ಹಿಂದಿನ ನವೆಂಬರ್. ಆಗ ನಾನು ಚಾಮರಾಜನಗರದಲ್ಲಿ ಸೌಂಡ್ ಸರ್ವಿಸ್ ಅಂಗಡಿ ನಡೆಸುತ್ತಿದ್ದೆ. ಮೈಕು, ಸ್ಪೀಕರ್ ಬಾಡಿಗೆಗೆ ಕೊಡುವುದು, ಕೆಟ್ಟದ್ದನ್ನು ರಿಪೇರಿ ಮಾಡುವುದು, ಎರಡೂ ಇತ್ತು. ಮೂವತ್ತು ವರ್ಷ ಈ ಕೆಲಸ ಮಾಡಿ ಈಗ ಅಂಗಡಿಯನ್ನು ಮಗಳಿಗೆ ವಹಿಸಿದ್ದೇನೆ. ಊರಿನಲ್ಲಿ ನನಗೆ ಸೌಂಡ್ ಚಿಕ್ಕಣ್ಣ ಎಂದೇ ಹೆಸರು. ಯಾವ ಮೆಷಿನ್ನಾದರೂ ಕಿವಿಯಿಟ್ಟು ಕೇಳಿದರೆ ಸಾಕು, ರೋಗ ಹೇಳಿಬಿಡುತ್ತೇನೆ ಎಂಬ ಜಂಬ ಆಗ ನನಗಿತ್ತು. ಆ ಜಂಬವನ್ನು ಇಳಿಸಿದ ಕೇಸು ಇದು.

ನಮ್ಮ ಕಡೆ ನವೆಂಬರ್ ಪೂರ್ತಿ ರಾಜ್ಯೋತ್ಸವ. ಒಂದೊಂದು ಬೀದಿಯವರೂ ಒಂದೊಂದು ದಿನ ಇಟ್ಟುಕೊಂಡು, ಬಾವುಟ ಹಾರಿಸಿ, ಸಂಜೆಗೆ ಆರ್ಕೆಸ್ಟ್ರಾ ಕರೆಸುತ್ತಾರೆ. ನಂಜುಂಡಸ್ವಾಮಿ ಎಂಬ ಗಾಯಕರು ಅಂಥದೊಂದು ಆರ್ಕೆಸ್ಟ್ರಾದ ಮಾಲೀಕರು. ಅದರಲ್ಲಿ ಕೀಬೋರ್ಡ್ ನುಡಿಸುವವರು ಪುಟ್ಟಗೌರಮ್ಮ, ನಮ್ಮೆಲ್ಲರಿಗೂ ಗೌರಕ್ಕ. ಉಡಿಗಾಲದ ಭಜನೆ ಮನೆಯಲ್ಲಿ ತಂದೆಯ ಪಕ್ಕ ಕೂತು ಹಾರ್ಮೋನಿಯಂ ಕಲಿತವರು. ಟೀಚರ್ ಕೆಲಸದಿಂದ ನಿವೃತ್ತರಾದ ಮೇಲೂ ಬೆರಳು ಚುರುಕಾಗಿಯೇ ಇತ್ತು. ಆದರೆ ಆ ತಿಂಗಳು ಅವರ ಕೀಬೋರ್ಡಿನ ದನಿ ಇದ್ದಕ್ಕಿದ್ದಂತೆ ಉಡುಗಿಹೋಯಿತು. ಮಂಗಳವಾರದ ಪ್ರಾಕ್ಟೀಸಿನಲ್ಲಿ ಅವರು ನುಡಿಸುತ್ತಿರುವುದು ಕಣ್ಣಿಗೆ ಕಾಣುತ್ತಿತ್ತೇ ಹೊರತು ಕಿವಿಗೆ ಬೀಳುತ್ತಿರಲಿಲ್ಲವಂತೆ.

ನಂಜುಂಡಸ್ವಾಮಿಯವರಿಗೆ ಅದಾಗಲೇ ಲ್ಯಾಪ್‌ಟಾಪಿನ ಮೇಲೆ ಕಣ್ಣಿತ್ತು. ಸಂಗೀತವನ್ನೆಲ್ಲ ಮೊದಲೇ ತುಂಬಿಟ್ಟು, ಗುಂಡಿ ಒತ್ತಿ ಹಾಡಿದರಾಯಿತು ಎಂಬ ಲೆಕ್ಕಾಚಾರ. ಶನಿವಾರ ಗುಂಡ್ಲುಪೇಟೆಯ ಕಾರ್ಯಕ್ರಮದಲ್ಲಿ ಕೀಬೋರ್ಡ್ ಕೇಳಿಸದಿದ್ದರೆ ಮುಂದಿನ ವಾರದಿಂದ ಲ್ಯಾಪ್‌ಟಾಪೇ ಎಂದು ಗೌರಕ್ಕನಿಗೆ ಹೇಳಿಯೂ ಬಿಟ್ಟಿದ್ದರು.

ಬುಧವಾರ ಬೆಳಿಗ್ಗೆ ಗೌರಕ್ಕ ಕೀಬೋರ್ಡನ್ನು ಹೊದಿಕೆಯಲ್ಲಿ ಸುತ್ತಿಕೊಂಡು ಆಟೋದಲ್ಲಿ ಅಂಗಡಿಗೆ ಬಂದರು. ಮುಖ ಬಾಡಿತ್ತು.

"ಸ್ಕೂಲ್ ಬುಟ್ಮೇಲೆ ನಂಗೆ ಇದೊಂದೇಯ ಚಿಕ್ಕಣ್ಣ. ಎಂಗಾರ ಮಾಡಿ ಇದ್ರ ಬಾಯಿ ಬುಡ್ಸು" ಎಂದರು. ಆಮೇಲೆ, "ಇದ್ರ ಜೊತೇದು ಇನ್ನೊಂದು ಮನೇಲಿ ದೇವ್ರತ್ರ ಅದ..." ಎಂದು ಏನೋ ಹೇಳಲು ಹೊರಟರು.

"ಇನ್ನೇನೂ ಬ್ಯಾಡ ಗೌರಕ್ಕ, ಕೀಬೋರ್ಡ್ ಬಂತಲ್ಲ ಸಾಕು" ಎಂದು ನಾನು ಅವರ ಬಾಯಿ ಮುಚ್ಚಿಸಿದೆ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನನಗಂತೂ ಮರೆಯಲು ಆಗುತ್ತಿಲ್ಲ.

ಸ್ಪೀಕರಿಗೆ ಸಿಕ್ಕಿಸಿ ಕೀಬೋರ್ಡಿನ ಒಂದು ಬಿಳಿ ಮನೆ ಒತ್ತಿದೆ. ಗಟ್ಟಿ ದನಿ ಬಂತು. ಇನ್ನೊಂದು ಒತ್ತಿದೆ, ಅದೂ ಗಟ್ಟಿ. ಎದುರಿನ ಅರಿಶಿನ ಮಂಡಿಯವರು ಎದ್ದು ಬಂದು ಯಾರ ಮನೆ ಮದುವೆ ಎಂದು ಕೇಳಿದರು. ಏನೂ ಕೆಟ್ಟಿಲ್ಲ ಎಂದು ಹೇಳಿ ಕಳಿಸಬಹುದಿತ್ತು, ಆದರೆ ಬಂದ ರೋಗಿಗೆ ಮಾತ್ರೆಯನ್ನೂ ಕೊಡದೆ ಕಳಿಸುವ ಡಾಕ್ಟರನ್ನು ಯಾರು ನಂಬುತ್ತಾರೆ? ವಾಲ್ಯೂಮ್ ಗುಂಡಿಯ ಸಂದಿಗೆ ಧೂಳು ಬಿಡಿಸುವ ಸ್ಪ್ರೇ ಹೊಡೆದೆ. "ಒಳಗಡೆ ಧೂಳು ಕೂತ್ಕೊಂಡಿತ್ತು, ಈಗ ಸರಿಹೋಯ್ತು" ಎಂದೆ. ಗೌರಕ್ಕ ಕೈಮುಗಿದು ಹೋದರು.

ಗುರುವಾರ ಸಂಜೆ ನಂಜುಂಡಸ್ವಾಮಿಯವರ ಫೋನ್ ಬಂತು. "ಚಿಕ್ಕಣ್ಣೋರೆ, ನೀವ್ ರಿಪೇರಿ ಮಾಡುದ್ರೋ, ಬರೀ ಮಂಗ್ಳಾರ್ತಿ ಎತ್ತಿ ಕಳುಸ್ಬುಟ್ರೋ? ಮೊನ್ನೆಗಿಂತ ಈಗ್ಲೇ ಕಮ್ಮಿ ಅದೆ!"

ನನಗೆ ಮೈ ಉರಿಯಿತು. ನನ್ನ ಅಂಗಡಿಯಲ್ಲಿ ಗುಡುಗಿದ ಕೀಬೋರ್ಡು ಅವರ ಪ್ರಾಕ್ಟೀಸ್ ಹಾಲಿನಲ್ಲಿ ಗುಬ್ಬಿಯಂತೆ ಗುನುಗಿದರೆ ತಪ್ಪು ಹಾಲಿನದು, ಅವರ ಹಳೆಯ ಮಿಕ್ಸರಿನದು, ವೈರಿನದು. "ಶನಿವಾರ ನಾನೇ ಬತ್ತೀನಿ, ನಂದೇ ಸಾಮಾನು ತತ್ತೀನಿ, ನೋಡ್ಬುಡವ" ಎಂದೆ.

ಶನಿವಾರ ವ್ಯಾನಿನಲ್ಲಿ ಸಾಮಾನು ತುಂಬಿಕೊಂಡು ತೆರಕಣಾಂಬಿ ಮೇಲೆ ಗುಂಡ್ಲುಪೇಟೆ ತಲುಪಿದಾಗ ಮಧ್ಯಾಹ್ನ ಮೂರು ಗಂಟೆ. ಕಾರ್ಯಕ್ರಮ ಆರಕ್ಕೆ. ನಮ್ಮ ಆರ್ಕೆಸ್ಟ್ರಾಗಳಲ್ಲಿ ವಾದ್ಯಗಳಿಗೆ ಪೂಜೆಯಾಗದೆ ಒಂದು ತಂತಿಯೂ ಮಿಡಿಯುವುದಿಲ್ಲ. ನಾನು ವೇದಿಕೆ ಹತ್ತುವಷ್ಟರಲ್ಲಿ ಪೂಜೆ ಮುಗಿದು ಕರ್ಪೂರದ ವಾಸನೆ ಇನ್ನೂ ಆಡುತ್ತಿತ್ತು. ಕೀಬೋರ್ಡ್ ಸ್ಟ್ಯಾಂಡಿನ ಕೆಳಗೆ ಒಂದು ಮಣೆ, ಮಣೆಯ ಮೇಲೆ ಚೆಂಡು ಹೂವಿನ ರಾಶಿ, ಮುಂದೆ ಒಡೆದ ತೆಂಗಿನಕಾಯಿ. ಒಳಗೆ ಗಣಪತಿ ಇರಬೇಕೆಂದು ನಾನೂ ಚಪ್ಪಲಿ ಬಿಟ್ಟು ಕೈಮುಗಿದೆ.

ಆಮೇಲೆ ತಪಾಸಣೆ. ಕೀಬೋರ್ಡಿನಿಂದ ಹೊರಟ ಸದ್ದು ವೈರಿನಲ್ಲಿ ಸಾಗಿ ಡಿಐ ಬಾಕ್ಸ್ ಎಂಬ ಪುಟ್ಟ ಡಬ್ಬಿಗೆ ಬರುತ್ತದೆ. ಅಲ್ಲಿಂದ ಮಿಕ್ಸರ್, ಮಿಕ್ಸರಿನಿಂದ ಆಂಪ್ಲಿಫೈಯರ್, ಕೊನೆಗೆ ಸ್ಪೀಕರ್. ಸದ್ದು ಕಡಿಮೆಯಾದರೆ ಈ ದಾರಿಯಲ್ಲಿ ಎಲ್ಲೋ ಒಂದು ಕಡೆ ಸೋರುತ್ತಿದೆ ಎಂದರ್ಥ. ವೈರ್ ಬದಲಾಯಿಸಿದೆ. ಗುಬ್ಬಿ. ಡಿಐ ಬಾಕ್ಸ್ ಬದಲಾಯಿಸಿದೆ. ಅದೇ ಗುಬ್ಬಿ. ಮಿಕ್ಸರಿನಲ್ಲಿ ಬೇರೆ ಚಾನೆಲ್ಲಿಗೆ ಹಾಕಿದೆ. ಗುಬ್ಬಿ ಜಾಗ ಬದಲಾಯಿಸಿತು, ಅಷ್ಟೆ. ಕೀಬೋರ್ಡಿನ ಹಿಂಬದಿಯಿಂದ ಇನ್ನೊಂದು ವೈರ್ ಕೆಳಕ್ಕೆ ಇಳಿದಿತ್ತು. ಸ್ವರವನ್ನು ಎಳೆದು ನಿಲ್ಲಿಸುವ ಸಸ್ಟೇನ್ ಪೆಡಲ್ಲಿನದು ಇರಬೇಕು, ಅದಕ್ಕೂ ವಾಲ್ಯೂಮಿಗೂ ಸಂಬಂಧವಿಲ್ಲ ಎಂದು ಬಿಟ್ಟೆ.

ಕೊನೆಗೆ ಗೇನ್ ತಿರುಗಿಸಿದೆ. ಒಳಬರುವ ಸದ್ದನ್ನು ಬಾಗಿಲಲ್ಲೇ ಎಷ್ಟು ದೊಡ್ಡದು ಮಾಡಬೇಕೆಂದು ಹೇಳುವ ಗುಂಡಿ ಅದು. ಕಾಲು ಸುತ್ತು ಸಾಕು ಎನ್ನುವ ಕಡೆ ಪೂರ್ತಿ ತಿರುಗಿಸಿದೆ. ಸ್ಪೀಕರ್ ಹಾವಿನಂತೆ ಬುಸುಗುಟ್ಟಿತು, ಕೀಬೋರ್ಡ್ ಮಾತ್ರ ಪಿಸುಗುಟ್ಟುತ್ತಲೇ ಇತ್ತು.

ಆಗ ಗಂಟೆ ನಾಲ್ಕೂವರೆ. ನಂಜುಂಡಸ್ವಾಮಿಯವರು ಲ್ಯಾಪ್‌ಟಾಪನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟರು. ಗೌರಕ್ಕ ಅದನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನನಗೆ ನಾಚಿಕೆಯಾಯಿತು. ಸ್ಪ್ರೇ ಹೊಡೆದು ಸರಿಹೋಯ್ತು ಎಂದವನು ನಾನೇ ತಾನೆ?

ಬೇರೇನೂ ತೋಚದೆ, ಆ ಬೇಡವೆಂದು ಬಿಟ್ಟಿದ್ದ ವೈರನ್ನೇ ಹಿಡಿದುಕೊಂಡು ಸ್ಟ್ಯಾಂಡಿನ ಕೆಳಗೆ ಅಂಬೆಗಾಲಿಟ್ಟು ಹೊರಟೆ. ವೈರ್ ನೇರ ಮಣೆಯ ಕಡೆಗೆ ಹೋಯಿತು. ಮಣೆ ಹತ್ತಿತು. ಚೆಂಡು ಹೂವಿನ ರಾಶಿಯೊಳಗೆ ನುಗ್ಗಿ ದೇವರಲ್ಲಿ ಲೀನವಾಯಿತು.

ಮನಸ್ಸಿನಲ್ಲೇ ತಪ್ಪಾಯಿತೆಂದು ಹೇಳಿಕೊಂಡು ಹೂವು ಸರಿಸಿದೆ. ಗಣಪತಿ ಇರಲಿಲ್ಲ. ಮೂರೆಳೆ ವಿಭೂತಿ ಧರಿಸಿ, ನಡುವೆ ಕುಂಕುಮವಿಟ್ಟುಕೊಂಡು, ಒಂದು ವಾಲ್ಯೂಮ್ ಪೆಡಲ್ ಕೂತಿತ್ತು.

ಕಾರಿನ ಆಕ್ಸಲರೇಟರ್ ಇದ್ದಂತೆ ಅದು. ಮುಂಗಾಲಿನಿಂದ ಒತ್ತಿದಷ್ಟೂ ಸದ್ದು ಏರುತ್ತದೆ, ಹಿಮ್ಮಡಿ ಕಡೆಗೆ ವಾಲಿದರೆ ಇಳಿಯುತ್ತದೆ. ಗೌರಕ್ಕನ ಪೆಡಲ್ ಪೂರ್ತಿ ಹಿಂದಕ್ಕೆ ವಾಲಿಕೊಂಡು ಆರಾಮವಾಗಿ ಪೂಜೆ ಮಾಡಿಸಿಕೊಳ್ಳುತ್ತಿತ್ತು. ನನ್ನ ಅಂಗಡಿಗೆ ಕೀಬೋರ್ಡ್ ಬಂದ ದಿನ ಇದು ಮನೆಯಲ್ಲೇ ದೇವರ ಗೂಡಿನಲ್ಲಿತ್ತು. ಅದಕ್ಕೇ ಅಲ್ಲಿ ಗುಡುಗು, ಇಲ್ಲಿ ಗುಬ್ಬಿ.

"ಇದ್ನ ಯಾರ್ ತಂದದ್ದು?" ಎಂದೆ.

"ನಾನೇ ಕಣ್ರೀ! ಆಯುಧ ಪೂಜೆಗೆ ಮೈಸೂರಿಂದ ತಂದ್ಕೊಟ್ಟೆ, ಸಿಕ್ಕಿಸಿದ್ದು ಈ ತಿಂಗ್ಳಿಂದ. ಗೌರಕ್ಕ, ಇದ್ನ ತುಳಿತಾನೇ ಇಲ್ವಾ ನೀವು?" ಎಂದರು ನಂಜುಂಡಸ್ವಾಮಿ. ಹಾಡುವಾಗ ಅವರ ಮುಖ ಜನರ ಕಡೆಗಿರುತ್ತದೆ, ಹಿಂದೆ ಯಾರ ಕಾಲು ಎಲ್ಲಿದೆ ಎಂದು ಅವರು ನೋಡಿದ್ದೇ ಇಲ್ಲ.

ಗೌರಕ್ಕ ಹೌಹಾರಿದರು. "ಸರಸ್ವತಿ ಕಣಪ್ಪ ಅದು, ತುಳಿಯದು ಅಂದ್ರೇನು! ಹಾರ್ಮೋನಿಯಂಗೆ ಕಾಲ್ ತಾಕುದ್ರೆ ನಮ್ಮಪ್ಪ ಅವತ್ತು ಊಟ ಆಕ್ತಿರ್ನಿಲ್ಲ. ಸೌಂಡು ಜಾಸ್ತಿ ಬೇಕಾದಾಗ ಒತ್ತಿ ಅಂದ್ರಿ ನೀವು. ನಂಗ್ಯಾಕೆ ಜಾಸ್ತಿ, ಇರಾದೇ ಸಾಕು ಅಂತ ಸುಮ್ಕಿದ್ದೆ."

ವೈರ್ ಕಿತ್ತರೆ ಕೆಲಸ ಮುಗಿಯುತ್ತಿತ್ತು. ಕೈ ಹಾಕಿದೆ. ಗೌರಕ್ಕ ತಡೆದರು. "ಪೂಜೆ ಆಗದೆ. ಕಾರ್ಯಕ್ರಮ ಮುಗಿಯೋಗಂಟ ಕದಲಿಸಂಗಿಲ್ಲ." ನಂಜುಂಡಸ್ವಾಮಿಯವರೂ ಒಪ್ಪಲಿಲ್ಲ. "ಏರಿಳಿತ ಇಲ್ದೆ ಒಂದೇ ಸಮ ನುಡಿಸಾದಾದ್ರೆ ಲ್ಯಾಪ್‌ಟಾಪೇ ನುಡಿಸ್ತದೆ" ಎಂದರು. ಒಬ್ಬರು ಕೀಳಬೇಡ ಎನ್ನುತ್ತಾರೆ, ತುಳಿಯುವುದೂ ಇಲ್ಲ. ಇನ್ನೊಬ್ಬರು ತುಳಿಯಲೇಬೇಕು ಎನ್ನುತ್ತಾರೆ. ನಾನು ಕೆಳಗೆ ಅಂಬೆಗಾಲಿನಲ್ಲೇ ಇದ್ದೆ.

ಡ್ರಮ್ಸ್ ಹಿಂದೆ ಕೂತು ಎಲೆ ಅಡಿಕೆ ಹಾಕುತ್ತಿದ್ದ ಕೆಂಪಣ್ಣ ಆಗ ಬಾಯಿಬಿಟ್ಟ. ಅವನು ವಾರವೆಲ್ಲ ಬಾಡಿಗೆ ಟ್ರ್ಯಾಕ್ಟರ್ ಓಡಿಸಿ, ಶನಿವಾರ ಭಾನುವಾರ ಡ್ರಮ್ಸ್ ಬಾರಿಸುವವನು.

"ಅಲ್ಲ ಕಣಕ್ಕ, ಆಯುಧ ಪೂಜೆಲಿ ಟ್ರ್ಯಾಕ್ಟ್ರುಗೂ ಹಾರ ಹಾಕ್ತೀನಿ, ಕಾಯಿ ಒಡಿತೀನಿ. ಹಂಗಂತ ಆಕ್ಸಲೇಟ್ರ ಕೈಲಿ ಒತ್ಕಂಡು ಉಳೋಕಾದದಾ? ಭೂಮ್ತಾಯಿಗೂ ಕೈಮುಗಿತೀವಿ, ಆಮೇಕೆ ಅವ್ಳ್ ಮೇಲೇ ತಾನೆ ಓಡಾಡದು?"

ಗೌರಕ್ಕ ಪೆಡಲನ್ನೊಮ್ಮೆ ನೋಡಿದರು. ಆಮೇಲೆ ನೀರಿನ ಬಾಟಲಿ ತೆಗೆದುಕೊಂಡು ವೇದಿಕೆಯ ಅಂಚಿಗೆ ಹೋಗಿ ಬಲಗಾಲು ತೊಳೆದರು, ಸೆರಗಿನಲ್ಲಿ ಒರೆಸಿದರು. ಬಂದು ಕೂತು, ಬಗ್ಗಿ ಪೆಡಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. "ತಪ್ಪಾಯ್ತು ಕಣವ್ವ" ಎನ್ನುತ್ತ ಎರಡು ಕೈಯಲ್ಲೂ ಮನೆಗಳನ್ನು ಹಿಡಿದು, ಕಾಲಿಟ್ಟು ಒತ್ತಿದರು. ಐವತ್ತು ವರ್ಷದ ಅಳುಕೆಲ್ಲ ಸೇರಿಸಿ ಒಂದೇ ಸಲಕ್ಕೆ ಪೂರ್ತಿ ಒತ್ತಿದರು.

ಮಿಕ್ಸರಿನಲ್ಲಿ ನಾನು ಗೇನನ್ನು ಪೂರ್ತಿ ತಿರುಗಿಸಿ ಹಾಗೇ ಬಿಟ್ಟಿದ್ದೆ.

ಗುಂಡ್ಲುಪೇಟೆ ಅಂಥ ಸದ್ದನ್ನು ಕೇಳಿರಲಿಕ್ಕಿಲ್ಲ. ನಂಜುಂಡಸ್ವಾಮಿಯವರು ಎರಡಡಿ ಹಿಂದಕ್ಕೆ ಹಾರಿ ಕುರ್ಚಿಯ ಮೇಲೆ ಕೂತರು, ಕುರ್ಚಿ ಅವರ ಸಮೇತ ಮಗುಚಿತು. ಕೆಂಪಣ್ಣ ಎಲೆ ಅಡಿಕೆ ನುಂಗಿಬಿಟ್ಟ. ರಸ್ತೆಯಲ್ಲಿ ಊಟಿ ಕಡೆ ಹೊರಟಿದ್ದ ಕೇರಳದ ಕಾರೊಂದು ನಿಂತು, ಡ್ರೈವರ್ ಇಳಿದು ತನ್ನ ಟೈರನ್ನು ನೋಡಿಕೊಂಡ. ನಾನು ಎದ್ದ ರಭಸಕ್ಕೆ ಸ್ಟ್ಯಾಂಡಿಗೆ ತಲೆ ಹೊಡೆಸಿಕೊಂಡು, ಮಿಕ್ಸರಿನ ಕಡೆಗೆ ಓಡಿ ಗೇನ್ ಇಳಿಸಿದೆ. ಗೌರಕ್ಕ ಮಾತ್ರ ಕಾಲು ತೆಗೆದಿರಲಿಲ್ಲ. ಅವರ ಮುಖದಲ್ಲಿ ಒಂದು ನಗು ಶುರುವಾಗಿತ್ತು. ಅದನ್ನು ನೋಡಿ ನನ್ನ ತಲೆಯ ನೋವು ಮರೆತುಹೋಯಿತು.

ಆ ದಿನದ ಕೆಲಸ ನನಗೆ ಕಲಿಸಿದ್ದು ಒಂದೇ ಪಾಠ. ನಾಲ್ಕು ದಿನ ನಾನು ಕೀಬೋರ್ಡನ್ನು ಕೇಳಿದೆ, ವೈರನ್ನು ಕೇಳಿದೆ, ಮಿಕ್ಸರನ್ನು ಕೇಳಿದೆ. ನುಡಿಸುವವರನ್ನು ಕೇಳಲಿಲ್ಲ. ಅವರಾಗಿಯೇ ಹೇಳಲು ಬಂದಾಗ ತಡೆದೆ. ಬುಧವಾರ ಅರ್ಧ ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ ಅಂಗಡಿಯಲ್ಲೇ ಮುಗಿಯುವ ಕೇಸದು. ಈಗ ಮಗಳಿಗೂ ಅದನ್ನೇ ಹೇಳುತ್ತೇನೆ: ಮೊದಲು ಮನುಷ್ಯರ ಮಾತು ಪೂರ್ತಿ ಕೇಳು, ಆಮೇಲೆ ಸ್ಕ್ರೂಡ್ರೈವರ್ ತೆಗಿ.

ಸಂಜೆಯ ಕಾರ್ಯಕ್ರಮ ಚೆನ್ನಾಗಿಯೇ ನಡೆಯಿತು. ಲ್ಯಾಪ್‌ಟಾಪ್ ಚೀಲ ಸೇರಿತು. ನಾಲ್ಕನೆಯ ಹಾಡಿನ ಹೊತ್ತಿಗೆ ನಂಜುಂಡಸ್ವಾಮಿಯವರು ಬೆವರು ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಗ್ಗಿದರು. "ಚಿಕ್ಕಣ್ಣೋರೆ, ನನ್ ವಾಯ್ಸೇ ಕೇಳ್ತಿಲ್ಲ. ಗೌರಕ್ಕಂಗೆ ಒಸಿ ಹೇಳಿ."

ನಾನು ಹೋಗಿ ಮೆಲ್ಲಗೆ, "ಗೌರಕ್ಕ, ಕಾಲು ಒಂಚೂರು ಹಿಂದಕ್ಕೆ" ಎಂದೆ. ಈ ಸಲ ಅವರ ಮಾತು ಮುಗಿಯುವವರೆಗೂ ಕಾದೆ.

ಅವರು ಕಣ್ಣು ಮುಚ್ಚಿಕೊಂಡೇ ನುಡಿಸುತ್ತಿದ್ದರು. "ಪೂಜೆ ಮಾಡಿ ಮಡಗಿರೋ ಕಾಲು ಚಿಕ್ಕಣ್ಣ. ಕಾರ್ಯಕ್ರಮ ಮುಗಿಯೋಗಂಟ ಕದಲಿಸಂಗಿಲ್ಲ."